ಇನ್ನೊಂದ್ಸಲ ಅಳ್ರಿ ಕಾಕೂ, ಫೋಕಸ್ ಹೋತು

ಚಿಕ್ಕೋಡಿ ಸೀಮೆಯಲ್ಲಿ ಒಂದು ಮದುವೆ ಆಗಬೇಕಾದರೆ ಮೂವರ ಅಪ್ಪಣೆ ಬೇಕು. ಮೊದಲನೆಯವರು ಮುಹೂರ್ತ ತೆಗೆದುಕೊಡುವ ಐನಾರು. ಎರಡನೆಯವರು ‘ಅಕ್ಕಿಕಾಳಿಗೆ ಬಂದ ಬರ್ತೀನಿ’ ಎಂದು ಮಾತು ಕೊಟ್ಟು, ಐನಾರು ತೆಗೆದ ಮುಹೂರ್ತವನ್ನು ಒಂದೂವರೆ ತಾಸು ಆಚೆ ನೂಕುವ ಮುಖಂಡರು. ಮೂರನೆಯವನು ಎರಡೂ ಹೆಗಲಿಗೆ ಒಂದೊಂದು ಕ್ಯಾಮೆರಾ ಇಳಿಬಿಟ್ಟುಕೊಂಡು ಬರುವ ಫೋಟೋಗ್ರಾಫರ್. ಹಿಂದೆ ಐನಾರದೇ ಕಡೆಯ ಮಾತಾಗಿತ್ತು. ಆಮೇಲೆ ಅದು ಮುಖಂಡರ ಪಾಲಾಯಿತು. ಈಗ ಐನಾರು ಮಂತ್ರವನ್ನು ಬಾಯಲ್ಲೇ ಹಿಡಿದು, ಮುಖಂಡರು ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದು, ಇಬ್ಬರೂ ಅವನ ಮುಖ ನೋಡುತ್ತಾರೆ. ಅವನು ಹೆಬ್ಬೆರಳು ಎತ್ತಿದ ಮೇಲೆಯೇ ಮಾಂಗಲ್ಯಧಾರಣೆ.

ಇಷ್ಟು ಅಧಿಕಾರ ಸುಮ್ಮನೆ ಬಂದದ್ದಲ್ಲ, ಅದರ ಹಿಂದೆ ಒಂದು ತತ್ತ್ವಜ್ಞಾನವಿದೆ. ಮೊದಲಿನ ಸ್ಟುಡಿಯೋದವರು ‘ಇಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಡಲಾಗುವುದು, ಝೆರಾಕ್ಸ್, ಲ್ಯಾಮಿನೇಶನ್ ಮಾಡಲಾಗುವುದು’ ಎಂದು ಬೋರ್ಡು ಬರೆಸಿ ಸುಮ್ಮನಾಗುತ್ತಿದ್ದರು. ಈಗಿನವರ ಬೋರ್ಡಿನಲ್ಲಿ ಝೆರಾಕ್ಸ್ ಇಲ್ಲ, ದರ್ಶನವಿದೆ. ‘ನಾವು ಫೋಟೋ ತೆಗೆಯುವುದಿಲ್ಲ, ಕ್ಷಣಗಳನ್ನು ಸೆರೆಹಿಡಿಯುತ್ತೇವೆ’ ಎಂಬ ಅರ್ಥದ ಮಾತು ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಈ ಬರಹದ ಫೋಟೋಗ್ರಾಫರ್ ಯಾರೋ ಒಬ್ಬನಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕಿನವರನ್ನು ಕೂಡಿಸಿ ಮಾಡಿದ ಒಂದು ಮೂರ್ತಿ. ಓದುವಾಗ ಯಾರಿಗಾದರೂ ‘ಇಂವ ನಾನ ಅದೀನಿ’ ಅನ್ನಿಸಿದರೆ ಅದು ಅವರ ದೊಡ್ಡ ಗುಣ.

ದರ್ಶನದ ಮೊದಲ ಸೂತ್ರ ಇದು: ಕ್ಷಣ ತಾನಾಗಿ ಬರುವುದಿಲ್ಲ. ಬಂದರೂ ಆಗ ಬೆಳಕು ಸರಿ ಇರುವುದಿಲ್ಲ. ಆದಕಾರಣ ಅದನ್ನು ಇನ್ನೊಮ್ಮೆ ಕರೆಸಬೇಕು.

ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತನ್ನೇ ನೋಡಿ. ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಹೂ ಕಟ್ಟಿದ ಕಾರು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದೆ. ತಾಯಿ ಬೆಳಗಿನಿಂದ ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಆಹೇರಿ ಸೀರೆಯ ಲೆಕ್ಕ, ಹುಗ್ಗಿಗೆ ತುಪ್ಪ ಸಾಲದೆಂಬ ಬೀಗತಿಯ ಕೊಂಕು, ಕಳೆದುಹೋದ ಬಾಸಿಂಗದ ಡಬ್ಬಿ, ಇವುಗಳ ನಡುವೆ ಅಳಲು ಪುರುಸೊತ್ತೆಲ್ಲಿ? ಈಗ ಉಡಿ ತುಂಬಿ ಕೈ ಖಾಲಿಯಾದವು. ಮಗಳ ಕೊರಳಿಗೆ ಬಿದ್ದಳು, ಅಳು ಒಡೆಯಿತು. ಸರಿಯಾಗಿ ಆ ಗಳಿಗೆಗೆ ನಮ್ಮ ಕ್ಷಣಗ್ರಾಹಿ ಬ್ಯಾಟರಿ ಬದಲಿಸುತ್ತಿದ್ದ. ಓಡಿ ಬಂದ.

‘ಕಾಕೂ, ಕಾಕೂ, ಒಂದ್ ನಿಮಿಷ. ಇನ್ನೊಂದ್ಸಲ ಅಳ್ರಿ, ಫೋಕಸ್ ಹೋತು. ಈ ಸಲ ಮಾರಿ ಸ್ವಲ್ಪ ಈ ಕಡೆ ಮಾಡ್ರಿ, ಸೆರಗ ಅಡ್ಡ ಬರಾಕತ್ತೈತಿ. ತಂಗಿ, ನೀ ಈಗ ಕಣ್ಣೀರ ಒರಸ್ಕೋಬ್ಯಾಡ.’

ತಾಯಿ ಬಾಯಿಬಿಟ್ಟು ನಿಂತಳು. ಅಳು ಹೋದದ್ದು ಹೋಯಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇಬ್ಬರಿಗೂ ಒಮ್ಮೆಲೇ ನಗು ಬಂತು. ಮೂಗು ಕೆಂಪಾಗಿ, ಕಣ್ಣು ತುಂಬಿ, ಹಲ್ಲು ಕಾಣುವಂತೆ ನಕ್ಕರು. ಇಡೀ ಮದುವೆಯಲ್ಲಿ ಹಾಗೆ ನಕ್ಕದ್ದು ಅದೊಂದೇ ಸಲ. ‘ನಗಬ್ಯಾಡ್ರಿ ಕಾಕೂ, ನಗೂದು ಆಗಲೇ ತಗದೇನಿ’ ಎಂದು ಅವನು ಅದನ್ನೂ ಕೈ ಅಡ್ಡ ಹಿಡಿದು ನಿಲ್ಲಿಸಿದ. ಎರಡನೆಯ ಸಲ ಅಪ್ಪಣೆಯಂತೆ ಅತ್ತರು. ಅದು ನಿಧಾನಗತಿಯಲ್ಲಿ, ಹಿಂದಿ ಹಾಡಿನ ಹಿನ್ನೆಲೆಯಲ್ಲಿ ಹೈಲೈಟ್ ವಿಡಿಯೋಕ್ಕೆ ಹೋಯಿತು. ಮೊಬೈಲಿನಲ್ಲಿ ಅದನ್ನು ನೋಡಿ ಸೋದರತ್ತೆಯರೆಲ್ಲ ಅತ್ತರು. ‘ಏನ್ ನ್ಯಾಚುರಲ್ ತಗದಾನ’ ಎಂದು ಹೊಗಳಿದರು.

ಫೋಟೋಗ್ರಫಿಯ ಬಾಲ್ಯದಲ್ಲಿ ಮನುಷ್ಯರು ಕ್ಯಾಮೆರಾದ ಮುಂದೆ ಮರಗಟ್ಟಿ ಕೂರುವುದಕ್ಕೆ ಕಾರಣವಿತ್ತು. 1839ರಲ್ಲಿ ಡಾಗೆರ್‌ನ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಸಿದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಕತ್ತು ಅಲುಗಿದರೆ ಮುಖ ಕಲಸಿಹೋಗುತ್ತದೆಂದು ಮುಂದೆ ಸ್ಟುಡಿಯೋದವರು ಕುರ್ಚಿಯ ಹಿಂದಿನಿಂದ ಕಬ್ಬಿಣದ ಆಸರೆ ಕೊಟ್ಟರು. ಈಗಿನ ಕ್ಯಾಮೆರಾ ಒಂದು ಸೆಕೆಂಡನ್ನು ಎಂಟು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲಿನೊಳಗೆ ಚಿತ್ರ ತೆಗೆಯುತ್ತದೆ. ಓಡುವ ಚಿರತೆಯೂ ನಿಂತಂತೆ ಬೀಳುತ್ತದೆ. ಇಂಥ ಯಂತ್ರ ಕೈಯಲ್ಲಿರುವಾಗ ನಮ್ಮ ಮದುಮಗ ಹಾರವನ್ನು ಅರ್ಧಕ್ಕೆ ಎತ್ತಿ, ತೋಳು ನಡುಗುವವರೆಗೆ ಹಾಗೆಯೇ ನಿಲ್ಲುತ್ತಾನೆ. ಕಬ್ಬಿಣದ ಆಸರೆ ಹೋಗಿದೆ. ಅದರ ಕೆಲಸವನ್ನು ಈಗ ಬಾಯಿಂದ ಮಾಡಿಸುತ್ತಾರೆ.

ರೋಲಿನ ಕಾಲದ ಫೋಟೋಗ್ರಾಫರನಿಗೆ ತತ್ತ್ವಜ್ಞಾನ ಇರಲಿಲ್ಲ, ಲೆಕ್ಕ ಇತ್ತು. ದೊಡ್ಡ ರೋಲಿನಲ್ಲಿ 12 ಚಿತ್ರ, ಸಣ್ಣದರಲ್ಲಿ 36. ಒಂದು ಗುಂಡಿ ಒತ್ತಿದರೆ ಇಷ್ಟು ದುಡ್ಡು ಹೋಯಿತು ಎಂಬ ಅಳುಕಿಗೆ ಅವನು ಕಾಯುತ್ತಿದ್ದ. ಕಾಯುವಾಗ ಬೇರೆ ಕೆಲಸ ಇಲ್ಲದ್ದಕ್ಕೆ ಜನರನ್ನು ನೋಡುತ್ತಿದ್ದ. ಹಳೆಯ ಆಲ್ಬಮ್ಮಿನಲ್ಲಿ ಅಜ್ಜನ ಪಕ್ಕ ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡ ಹುಡುಗ, ಹಂದರದ ಕಂಬಕ್ಕೆ ಒರಗಿ ನಿದ್ದೆ ಹೋದ ವಾಲಗದವನು ಕಾಣುವುದು ಆ ಕಾಯುವಿಕೆಯಿಂದ. ಈಗ ಒಂದು ಮದುವೆಗೆ ಸಾವಿರಾರು ಫೋಟೋ. ಅಂಗಿ ಗುಂಡಿ ತಪ್ಪಿದ ಹುಡುಗ ಅವುಗಳಲ್ಲೂ ಇರುತ್ತಾನೆ, ಆದರೆ ಎಡಿಟಿಂಗ್ ಹೊತ್ತಿನಲ್ಲಿ ಅವನನ್ನು ಅಳಿಸಿ ಆ ಜಾಗದಲ್ಲಿ ಒಂದು ಹೂಕುಂಡ ಇಡುತ್ತಾರೆ.

ಆಡಿಸಿ ತೆಗೆಯುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ಅದರ ದೊಡ್ಡ ಪರಂಪರೆಯೇ ನಮ್ಮ ಮಗ್ಗುಲಲ್ಲಿದೆ. ನಿಪ್ಪಾಣಿಯಿಂದ 40 ಕಿ.ಮೀ. ಆಚೆಯ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ತಮ್ಮ ಕ್ಯಾಮೆರಾವನ್ನು ತಾವೇ ಕೂಡಿಸಿಕೊಂಡು 1920ರಲ್ಲಿ ‘ಸೈರಂಧ್ರಿ’ ತೆಗೆದರು. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ್ದೂ ಅಲ್ಲೇ. ಅವರು ಆಡಿಸಿ ತೆಗೆದದ್ದನ್ನು ಸಿನಿಮಾ ಎಂದು ಒಪ್ಪಿಕೊಂಡು ಟಿಕೆಟ್ ಇಟ್ಟರು. ನಮ್ಮವನು ಆಡಿಸಿ ತೆಗೆದದ್ದಕ್ಕೆ ಕ್ಯಾಂಡಿಡ್ ಎಂದು ಹೆಸರಿಟ್ಟು ಬೇರೆ ರೇಟು ಹಾಕುತ್ತಾನೆ. ಒಂದು ಕ್ಯಾಂಡಿಡ್ ನಗೆಗೆ ಸರಾಸರಿ ಮೂರು ಟೇಕ್ ಬೇಕಾಗುವುದರಿಂದ ಆ ರೇಟೂ ನ್ಯಾಯವೇ.

ಎರಡನೆಯ ಸೂತ್ರ: ಇದ್ದವರು ಇದ್ದ ಹಾಗೆ ಇದ್ದರೆ ಫೋಟೋ ಆಗುವುದಿಲ್ಲ.

ಇದರ ಪ್ರಯೋಗಶಾಲೆ ಪ್ರೀ-ವೆಡ್ಡಿಂಗ್. ಹುಡುಗ ರಾಯಬಾಗ ಕಡೆಯವನು. ಅಪ್ಪ ಕಬ್ಬು ಬೆಳೆದು ಇಂಜಿನಿಯರಿಂಗ್ ಓದಿಸಿದ್ದೇ ಮಗ ಕಬ್ಬಿನ ಗದ್ದೆಗೆ ಇಳಿಯಬಾರದೆಂದು. ಮಗ ಪುಣೆಯಲ್ಲಿ ನೌಕರಿ ಹಿಡಿದ. ಈಗ ಮದುವೆಗೆ ಮುನ್ನ ಅವನನ್ನು ಅದೇ ಗದ್ದೆಗೆ ಇಳಿಸಿದ್ದಾರೆ, ಅದೂ ದುಡ್ಡು ಕೊಟ್ಟು. ಪಕ್ಕದಲ್ಲಿ ನೆಲ ಗುಡಿಸುವ, ತೋಳಿಲ್ಲದ ಗೌನಿನ ಮದುಮಗಳು. ಕಬ್ಬಿನ ಗರಿಯ ಅಂಚು ಚರ್ಮಕ್ಕೆ ತಾಗಿದರೆ ಗೀರು ಬಿಡುತ್ತದೆ, ಸುಂಕು ಹತ್ತಿದರೆ ತುರಿಕೆ ಬಿಡುವುದಿಲ್ಲ. ಕಡಿಯುವ ಗ್ಯಾಂಗಿನವರು ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಬಟ್ಟೆ ಸುತ್ತಿಕೊಂಡೇ ಇಳಿಯುವುದು ಅದಕ್ಕೆ. ನಮ್ಮವನಿಗೆ ಅದೆಲ್ಲ ವಿವರ ಬೇಡ. ‘ಓಡ್ರಿ, ಹಿಂದ ಹೊಳ್ಳಿ ನೋಡಕೋತ ಓಡ್ರಿ, ನಕ್ಕೋತ ಓಡ್ರಿ.’ ಅವರು ಓಡಿದರು. ರವದಿಯಲ್ಲಿ ಗೌನು ಸಿಕ್ಕಿಕೊಂಡಿತು. ನಿಂತು ಬಿಡಿಸಿಕೊಳ್ಳುವಾಗ ಹುಡುಗ ಮಂಡಿಯೂರಿ, ಹಲ್ಲು ಕಚ್ಚಿ, ಒಂದೊಂದೇ ಗರಿ ಬಿಡಿಸಿದ. ಹುಡುಗಿ ಅವನ ತಲೆಯ ಮೇಲೆ ಕೈಯಿಟ್ಟು ಸಮತೋಲ ಹಿಡಿದಳು. ಹೊಸ ಸಂಸಾರದ ಮೊದಲ ನಿಜವಾದ ಚಿತ್ರ ಅದು. ಅಷ್ಟರಲ್ಲಿ ನಮ್ಮ ಫೋಟೋಗ್ರಾಫರ್ ಡ್ರೋನ್ ಇಳಿಸಿ ಚಹಾ ಕುಡಿಯುತ್ತಿದ್ದ.

ಗದ್ದೆಯ ಇನ್ನೊಂದು ಮೂಲೆಯಲ್ಲಿ ಗ್ಯಾಂಗಿನ ಗಂಡಹೆಂಡಿರು ಕಬ್ಬು ಕಡಿಯುತ್ತಿದ್ದರು. ಅವಳು ಹೊರೆ ಕಟ್ಟಿದಳು, ಅವನು ಎತ್ತಿ ಅವಳ ತಲೆಗೆ ಏರಿಸಿದ. ಕೂಡಿ ದುಡಿಯುವ ಜೋಡಿಯ ಚಿತ್ರ ಬೇಕಿದ್ದರೆ ಅದು ಬಿಟ್ಟಿಯಾಗಿ ಅಲ್ಲಿತ್ತು. ‘ಏ ದಾದಾ, ಫ್ರೇಮಿನ್ಯಾಗ ಬರಾಕತ್ತೀರಿ, ಸ್ವಲ್ಪ ಆ ಕಡೆ ಸರೀರಿ’ ಎಂದು ಅವರನ್ನು ಸರಿಸಲಾಯಿತು.

ಮುಂದಿನ ದೃಶ್ಯಕ್ಕೆ ಎತ್ತಿನ ಗಾಡಿ. ಅಪ್ಪ ಎತ್ತು ಮಾರಿ ಟ್ರ್ಯಾಕ್ಟರ್ ತಂದು ಎಷ್ಟೋ ವರ್ಷವಾಯಿತು. ಆದಕಾರಣ ಶರತ್ತಿನಲ್ಲಿ ಓಡುವ ಜೋಡೆತ್ತನ್ನು ಬಾಡಿಗೆಗೆ ತರಿಸಿದರು. ಎತ್ತು ಒಮ್ಮೆ ಕೊಂಬು ಝಾಡಿಸಿದ್ದಕ್ಕೆ ರೈತನ ಮಗ ಗಾಡಿಯಿಂದ ಜಿಗಿದ. ಅದನ್ನು ತೆಗೆಯಲಿಲ್ಲ. ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ ಇತ್ತು, ಅದನ್ನು ಹತ್ತಿರದಿಂದ ತೆಗೆದರು. ಅದಕ್ಕೆ ಡೀಟೇಲ್ ಶಾಟ್ ಎನ್ನುತ್ತಾರೆ. ಆ ಚಪ್ಪಲಿಯನ್ನು ಅಥಣಿ ಕಡೆಯ ಊರುಗಳಲ್ಲಿ ಕೈಯಿಂದ ಹೊಲಿಯುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಇಂಥದೇ ಚಪ್ಪಲಿ ಮೆಟ್ಟಿಸಿ, ಎಲ್ಲಿಯದೆಂದು ಹೇಳದೆ ಬಿಟ್ಟಿತು. ನಾವು ಕೂಗೆಬ್ಬಿಸಿದೆವು. ಕಂಪನಿ ಆಮೇಲೆ ಒಪ್ಪಿಕೊಂಡಿತು. ಒಳ್ಳೆಯದಾಯಿತು. ಆದರೆ ನಮ್ಮ ಮದುವೆಯ ಆಲ್ಬಮ್ಮುಗಳಲ್ಲಿ ಆ ಚಪ್ಪಲಿ ಹೊಲಿದ ಕೈ ಒಂದಾದರೂ ಇದೆಯೇ? ಮಿಲಾನಿನವರು ಮಾಡಿದರೆ ಕಳ್ಳತನ, ನಾವು ಮಾಡಿದರೆ ಡೀಟೇಲ್ ಶಾಟ್.

ಇದಕ್ಕೆಲ್ಲ ಖರ್ಚೆಷ್ಟು ಎಂದು ರೂಪಾಯಿಯಲ್ಲಿ ಕೇಳಬಾರದು, ನಮ್ಮ ಕಡೆ ಕಬ್ಬಿನಲ್ಲಿ ಕೇಳಬೇಕು. 2025ರ ನವೆಂಬರಿನಲ್ಲಿ ರೈತರು ಟನ್ನಿಗೆ 3,500 ಕೊಡಿರೆಂದು ಗುರ್ಲಾಪುರ ಕ್ರಾಸಿನಲ್ಲಿ ಕೂತರು, 3,300ಕ್ಕೆ ಇತ್ಯರ್ಥವಾಯಿತು. ಲಕ್ಷ ರೂಪಾಯಿಯ ಪ್ಯಾಕೇಜ್ ಎಂದರೆ ಆ ದರದಲ್ಲಿ 30 ಟನ್ ಕಬ್ಬು. ಟನ್ನಿಗೆ ನಾಲ್ಕು ಕಾಸು ಹೆಚ್ಚಿಗೆ ಸಿಗಲೆಂದು ರಸ್ತೆಯಲ್ಲಿ ಮಲಗಿದವನೇ 30 ಟನ್ನನ್ನು ಹೊಗೆ ಡಬ್ಬಿ, ಬಣ್ಣದ ಕೊಡೆ, ಬಾಡಿಗೆ ಎತ್ತುಗಳಿಗೆ ಕೊಟ್ಟು ‘ಹುಡುಗರ ಆಸೆ ಐತಿ ಬಿಡ್ರಿ’ ಎನ್ನುತ್ತಾನೆ.

ಮೂರನೆಯ ಸೂತ್ರ: ಮದುವೆಯನ್ನು ನೋಡಬೇಕಾದದ್ದು ಕ್ಯಾಮೆರಾ. ಬಂದ ಜನ ಊಟ ಮಾಡಿ ಹೋಗಬೇಕು.

ಅಕ್ಕಿಕಾಳಿನ ಹೊತ್ತಿಗೆ ವೇದಿಕೆ ಏರಿ ನೋಡಿ. ಇಬ್ಬರು ಸ್ಟಿಲ್, ಇಬ್ಬರು ವಿಡಿಯೋ, ಒಬ್ಬ ಗಿಂಬಲ್, ಒಬ್ಬ ಲೈಟು ಎತ್ತಿ ಹಿಡಿಯುವ ಹುಡುಗ, ಇವರ ಜೊತೆ ಗಂಡಿನ ಕಡೆಯವರು ಬೇರೆ ಕರೆತಂದ ಇನ್ನೊಂದು ತಂಡ. ಎಲ್ಲರೂ ಮದುಮಕ್ಕಳಿಗೆ ಮುಖ ಮಾಡಿ, ಜನರಿಗೆ ಬೆನ್ನು ಮಾಡಿ ಸುತ್ತುಗಟ್ಟುತ್ತಾರೆ. ನಾಲ್ಕು ಊರು ದಾಟಿ ಬಂದ ಬೀಗರು ಎದುರು ಸಾಲಿನಲ್ಲಿ ಕೂತು ಕಾಣುವುದು ಸ್ಟುಡಿಯೋದ ಹೆಸರು ಅಚ್ಚೊತ್ತಿದ ಕರಿ ಟೀ ಶರ್ಟುಗಳನ್ನು. ಹತ್ತಡಿ ದೂರದಲ್ಲಿ ತಾಳಿ ಕಟ್ಟುವುದನ್ನು ನೋಡಲು ಅವರು ಕತ್ತು ತಿರುಗಿಸಿ ಮೂಲೆಯ ಎಲ್ಇಡಿ ಪರದೆಯನ್ನು ನೋಡಬೇಕು. ಮಂಗಳಾಷ್ಟಕ ಮುಗಿದು ಎಲ್ಲರೂ ಅಕ್ಷತೆ ಎಸೆದರು. ಅದೇ ಹೊತ್ತಿಗೆ ತಲೆಯ ಮೇಲೆ ಡ್ರೋನ್ ಇಳಿಯಿತು. ಕಾಲು ಕಿಲೋಕ್ಕಿಂತ ಒಂದು ಗ್ರಾಂ ಕಮ್ಮಿ ತೂಗುವ ಯಂತ್ರ ಅದು. 2021ರ ಡ್ರೋನ್ ನಿಯಮಗಳು 250 ಗ್ರಾಂವರೆಗಿನದನ್ನು ಅತಿ ಸಣ್ಣದೆಂದು ಎಣಿಸುತ್ತವೆ. ಆ ಅತಿ ಸಣ್ಣ ಯಂತ್ರದ ಗಾಳಿಗೆ ಮದುಮಕ್ಕಳ ಮೇಲೆ ಬೀಳಬೇಕಾದ ಅರ್ಧ ಅಕ್ಷತೆ ಐನಾರ ಕಣ್ಣಿಗೆ ಬಿತ್ತು. ಆಶೀರ್ವಾದ ಯಾರಿಗೆ ತಲುಪಿತೆಂಬುದನ್ನು ವಿಡಿಯೋ ನೋಡಿಯೇ ತೀರ್ಮಾನಿಸಬೇಕು.

ಗಡಿಭಾಗದ ಫೋಟೋಗ್ರಾಫರನಿಗೆ ಇನ್ನೊಂದು ವಿದ್ಯೆ ಬೇಕು. ಹೆಣ್ಣಿನವರು ಅಥಣಿ, ಗಂಡಿನವರು ಮೀರಜ. ಆದ್ದರಿಂದ ‘ಇಲ್ಲಿ ನೋಡ್ರಿ, ಇಕಡೇ ಬಘಾ, ಇಧರ್ ದೇಖೋ, ಸ್ಮೈಲ್ ಪ್ಲೀಸ್’ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು. ಗಡಿ ಯಾರದೆಂದು ಎರಡು ಸರ್ಕಾರಗಳು ಸುಪ್ರೀಂ ಕೋರ್ಟಿನಲ್ಲಿ ವಾದ ಹೂಡಿಕೊಂಡಿವೆ. ಫೋಟೋಗ್ರಾಫರ್ ಮಾತ್ರ ಎರಡೂ ರಾಜ್ಯದ ಸೋದರಮಾವಂದಿರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಮಾಮಾ, ಹೊಟ್ಟಿ ಒಳಗ’ ಎಂದು ಇಬ್ಬರಿಗೂ ಒಂದೇ ಕಾನೂನು ಜಾರಿ ಮಾಡುತ್ತಾನೆ. ಈ ಒಂದು ಸಾಧನೆಗೆ ಅವನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟರೂ ನನ್ನ ತಕರಾರಿಲ್ಲ.

ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ ಎಂಬ ಮಹಾನುಭಾವ 1952ರಲ್ಲಿ ಒಂದು ಪುಸ್ತಕ ತಂದ. ನಿರ್ಣಾಯಕ ಕ್ಷಣ ಎಂಬ ಮಾತು ಲೋಕಕ್ಕೆಲ್ಲ ಹಬ್ಬಿದ್ದು ಅದರಿಂದ. ಆತ ಸಣ್ಣ ಕ್ಯಾಮೆರಾ ಹಿಡಿದು, ಯಾರ ಕಣ್ಣಿಗೂ ಬೀಳದೆ, ಯಾರಿಗೂ ಏನೂ ಹೇಳದೆ ಆ ಕ್ಷಣಕ್ಕೆ ಕಾಯುತ್ತಿದ್ದ. ನಮ್ಮ ಸೀಮೆಯಲ್ಲಿ ಹುಟ್ಟಿದ್ದರೆ ಅಷ್ಟು ಕಷ್ಟಪಡಬೇಕಾಗಿರಲಿಲ್ಲ. ಇಲ್ಲಿ ನಿರ್ಣಾಯಕ ಕ್ಷಣ ಎಂದರೆ ಮುಖಂಡರ ಗಾಡಿ ಬಂದ ಕ್ಷಣ. ಆಗ ಇಷ್ಟೂ ಕ್ಯಾಮೆರಾಗಳು ಒಮ್ಮೆಲೇ ಮದುಮಕ್ಕಳಿಗೆ ಬೆನ್ನು ಹಾಕಿ ಬಾಗಿಲಿಗೆ ಓಡುತ್ತವೆ. ಮದುಮಕ್ಕಳು ಇಡೀ ದಿನದಲ್ಲಿ ಮೊದಲ ಬಾರಿಗೆ ಪರಸ್ಪರ ಒಂದು ಮಾತಾಡುವುದು ಆ ಐದು ನಿಮಿಷದಲ್ಲಿ. ಅದಕ್ಕೆ ಫೋಟೋ ಸಾಕ್ಷಿ ಇಲ್ಲ. ಪುಣ್ಯವಂತರು.

ಮದುವೆ ಸೀಸನ್ ಮುಗಿದರೆ ಸಾರ್ವಜನಿಕ ಸೇವೆ. ಸತ್ಕಾರ, ಪೇಟಾ, ಶಾಲು, ಹುಟ್ಟುಹಬ್ಬ, ಗುದ್ದಲಿ ಪೂಜೆ. ಇಲ್ಲಿಯ ಸೂತ್ರ ಇನ್ನೂ ಸರಳ: ಕೆಲಸ ಒಂದು, ಕೈ ಹನ್ನೆರಡು. ಚಿಕ್ಕೋಡಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗು ಹಳೆಯದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗಿನಿಂದ ನೋಡಿದರೂ ಕಾಲು ಶತಮಾನ ದಾಟಿತು. ಶೈಕ್ಷಣಿಕ ಜಿಲ್ಲೆ ಆಗಿದೆ, ಲೋಕಸಭೆಯ ಕ್ಷೇತ್ರ ಇದೆ, ಜಿಲ್ಲೆ ಮಾತ್ರ ಇಲ್ಲ. ಆದರೆ ಮನವಿ ಪತ್ರ ಕೊಡುವ ಫೋಟೋಗಳಿವೆ. ಒಂದು ಹಾಳೆ, ಅದರ ಅಂಚಿಗೆ ಎರಡೂ ಕಡೆಯಿಂದ ಒಂದು ಡಜನ್ ಬೆರಳು. ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಹಾಳೆಯನ್ನು ಯಾರೂ ನೋಡುವುದಿಲ್ಲ. ಆ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟರೆ ಚಿಕ್ಕೋಡಿಯಿಂದ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಯವರೆಗೆ ನಡೆದುಕೊಂಡು ಹೋಗಬಹುದು. ಜಿಲ್ಲೆ ಬರದಿದ್ದರೂ ಆ ದಾರಿಯೊಂದು ಆಯಿತು.

ಮಳೆಗಾಲ ಬಂದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬುತ್ತವೆ. ಕಲ್ಲೋಳ–ಯಡೂರ ಸೇತುವೆ ನೀರಿಗಿಳಿಯುತ್ತದೆ. ನೀರು ಇನ್ನೂ ಏರಿದರೆ ಕುಡಚಿ–ಉಗಾರ ದಾರಿ ಕಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಊರೂರೇ ಖಾಲಿಯಾಗಿ ಜನ ಶಾಲೆಗಳಲ್ಲಿ ಮಲಗಿದರು. ಅಲ್ಲಿಗೆ ಕಿಟ್ ಬಂತು. ಐದು ಕಿಲೋ ಅಕ್ಕಿ, ಬೇಳೆ, ಎಣ್ಣೆ, ಒಂದು ಚಾದರ, ಚೀಲದ ಮೇಲೆ ದಾನಿಯ ಮುಖ. ಮುದುಕಿ ಚೀಲ ಇಸಿದುಕೊಂಡು ಎರಡು ಹೆಜ್ಜೆ ಹೋಗಿದ್ದಳು. ‘ಆಯಿ, ಆಯಿ, ಕಿಟ್ ಹೊಳ್ಳಿ ಕೊಡ್ರಿ. ಸಾಹೇಬರ ಮಾರಿ ಬಂದಿಲ್ಲ.’ ಹೊಳೆ ಮನೆ ಒಯ್ದಿತ್ತು, ಈಗ ಕಿಟ್ಟೂ ಹೋಯಿತೆಂದು ಅವಳು ಗಾಬರಿಯಾದಳು. ಆ ಗಾಬರಿಯೇ ಮರುದಿನದ ಪೇಪರಿನಲ್ಲಿ ಕೃತಜ್ಞತೆಯಾಗಿ ಅಚ್ಚಾಯಿತು.

ಇಷ್ಟೆಲ್ಲ ನಡೆಯುವ ನಾಡಿನಲ್ಲಿ ಫೋಟೋಗ್ರಾಫರನ ಮಾತು ನಡೆಯದ ಜಾಗವೂ ಒಂದಿದೆ. ರಾಯಬಾಗ ತಾಲ್ಲೂಕಿನ ಚಿಂಚಲಿ. ಭರತ ಹುಣ್ಣಿಮೆಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ. ‘ಚಾಂಗಭಲೋ’ ಎಂದು ಕೂಗಿ ಭಂಡಾರ ಎರಚಿದರೆ ಆಕಾಶ, ನೆಲ, ಎತ್ತು, ಮನುಷ್ಯ ಎಲ್ಲ ಒಂದೇ ಹಳದಿ. ಅಲ್ಲಿ ‘ಅಣ್ಣಾರ, ಇನ್ನೊಂದ್ಸಲ ಎರಚ್ರಿ’ ಎಂದವನ ಲೆನ್ಸಿನ ಮೇಲೆಯೇ ಒಂದು ಮುಷ್ಟಿ ಬೀಳುತ್ತದೆ. ಯಾರೂ ಅವನ ಕಡೆ ನೋಡುವುದಿಲ್ಲ, ಯಾರೂ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ. ವರ್ಷವಿಡೀ ಹುಕುಂ ಚಲಾಯಿಸಿದವನು ಅಲ್ಲಿ ಬಾಯಿ ಮುಚ್ಚಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಸಿಕ್ಕಿದ್ದನ್ನು ತೆಗೆಯುತ್ತಾನೆ. ಅವನ ಪೇಜಿನಲ್ಲಿ ನೋಡುವ ಹಾಗಿರುವ ಫೋಟೋಗಳು ಬಹುಪಾಲು ಆ ಜಾತ್ರೆಯವು. ಇದರಿಂದ ಅವನು ಏನಾದರೂ ಕಲಿತಿದ್ದಾನೆಯೇ ಎಂದರೆ, ಹೌದು. ಮರುವಾರದ ಹಳದಿ ಕಾರ್ಯಕ್ರಮದಲ್ಲಿ ಎರಡು ಕಿಲೋ ಅರಿಶಿಣ ಎರಚಿಸುತ್ತಾನೆ, ಎಣಿಸಿ, ಒಂದು, ಎರಡು, ಮೂರು ಎಂದು.

ನಿಪ್ಪಾಣಿಗೆ ಇನ್ನೊಂದು ಕ್ಯಾಮೆರಾ ಬಂದುಹೋದ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಕೂಡಿ ಯುಗಾಂತರ ಎಂಬ ತಂಡ ಕಟ್ಟಿದರು. ಆಗ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಎದ್ದು ನಿಂತಿದ್ದರು. ಈ ತಂಡ ಬಂದು ತಿಂಗಳುಗಟ್ಟಲೆ ಅವರ ಜೊತೆ ಕೂತಿತು. ಅವರ ಮಾತು ಕೇಳಿತು, ಏನನ್ನು ಹೇಗೆ ತೆಗೆಯಬೇಕೆಂದು ಅವರೊಂದಿಗೇ ಚರ್ಚಿಸಿತು, ಆಮೇಲೆ ತಂಬಾಕಿನ ದೂಳು ತುಂಬಿದ ಕಾರ್ಖಾನೆಯೊಳಕ್ಕೆ ಕ್ಯಾಮೆರಾ ಒಯ್ದಿತು. 1982ರಲ್ಲಿ ‘ತಂಬಾಕೂ ಚಾಕೀಲಾ ಊಬ ಆಲಿ’ ಎಂಬ ಚಿತ್ರ ಬಂತು. ಅರ್ಧ ತಾಸೂ ಇಲ್ಲ. ದಶಕಗಳ ನಂತರ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಅದನ್ನು ಡಿಜಿಟಲ್ ಮಾಡಿ ಕಾಪಾಡಿತು. ನಿಪ್ಪಾಣಿಯ ಹೆಣ್ಣುಮಕ್ಕಳನ್ನು ಬರ್ಲಿನ್ನಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಮನೆಯ ನಾಲ್ಕು ತಾಸಿನ ಮದುವೆ ವಿಡಿಯೋ ಯಾವ ಪೆನ್‌ಡ್ರೈವಿನಲ್ಲಿದೆಯೆಂದು ಮದುಮಕ್ಕಳಿಗೇ ಗೊತ್ತಿಲ್ಲ.

ಎರಡರ ವ್ಯತ್ಯಾಸ ಕ್ಯಾಮೆರಾದ ಬೆಲೆಯದ್ದಲ್ಲ. ಇಂದು ರಾಯಬಾಗದ ಸಣ್ಣ ಸ್ಟುಡಿಯೋದಲ್ಲಿರುವ ಯಂತ್ರ ಆ ತಂಡದ ಯಂತ್ರಕ್ಕಿಂತ ಎಷ್ಟೋ ಮುಂದೆ ಇದೆ. ಅವರ ಕ್ಯಾಮೆರಾ ಹೇಳುವ ಮೊದಲು ಕೇಳಿತು. ನಮ್ಮದು ಕೇಳುವುದನ್ನೇ ಕಲಿತಿಲ್ಲ.

ಇಲ್ಲಿಗೆ ಎಲ್ಲ ತಪ್ಪನ್ನೂ ಫೋಟೋಗ್ರಾಫರನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವನ ಲೆಕ್ಕವನ್ನೂ ಒಮ್ಮೆ ನೋಡಿ. ಕ್ಯಾಮೆರಾಕ್ಕೆ ಕಂತು, ಲೆನ್ಸಿಗೆ ಕಂತು, ಡ್ರೋನ್ ಬಿದ್ದರೆ ಅದೂ ಅವನದೇ. ಬೆಳಿಗ್ಗೆ ಸುರಗಿಯಿಂದ ನಿಂತವನು ಎಲ್ಲರ ಪಂಕ್ತಿ ಮುಗಿದು, ಬುಂದಿ ಖಾಲಿಯಾಗಿ, ಅನ್ನಕ್ಕೆ ತಳದ ಸಾರು ಉಳಿದಾಗ ಎಲೆಗೆ ಕೂರುತ್ತಾನೆ. ಬಾಕಿ ಕೇಳಿದರೆ ‘ಫ್ಯಾಕ್ಟರಿ ಬಿಲ್ ಆಗಲಿ’ ಎಂಬ ಉತ್ತರ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆ ರೈತನನ್ನು ಕಾಯಿಸುತ್ತದೆ, ರೈತ ಫೋಟೋಗ್ರಾಫರನನ್ನು ಕಾಯಿಸುತ್ತಾನೆ, ಫೋಟೋಗ್ರಾಫರ್ ‘ಆಲ್ಬಮ್ ಪ್ರಿಂಟಿಗೆ ಹೋಗೇತ್ರಿ’ ಎಂದು ರೈತನನ್ನು ಕಾಯಿಸುತ್ತಾನೆ. ಹೆಣ್ಣಿಗೆ ಎರಡನೆಯ ಕೂಸು ಹುಟ್ಟುವ ಹೊತ್ತಿಗೆ ಮದುವೆಯ ಕರಿಷ್ಮಾ ಆಲ್ಬಮ್ ಮನೆಗೆ ಬರುತ್ತದೆ.

ಸುಮ್ಮನೆ ಮೂಲೆಯಲ್ಲಿ ನಿಂತು ನಿಜವಾದದ್ದನ್ನಷ್ಟೇ ತೆಗೆದವನನ್ನು ನಾವು ಬದುಕಗೊಟ್ಟಿದ್ದೇವೆಯೇ? ‘ಏನ್ರೀ ಇಂವ, ಒಂದ್ ಮಾತು ಆಡಂಗಿಲ್ಲ, ಎಲ್ಲಿ ನಿಂದರಬೇಕು ಹೇಳಂಗಿಲ್ಲ, ಮಂದಿ ಮದುವಿ ವಿಡಿಯೋ ಹೆಂಗ್ ಬಂದಾವ ನೋಡ್ರಿ’ ಎಂದು ಮುಂದಿನ ಮದುವೆಗೆ ಬೇರೆಯವನನ್ನು ಕರೆದವರು ನಾವೇ. ಸೊಸೆಯ ಮುಖ ಒಂದು ಪಾವು ಬಿಳುಪು ಮಾಡಿಸಿದವರು ನಾವೇ. ಹಂದರದ ಹಿಂದೆ ಬೆಳಗಿನ ನಾಲ್ಕಕ್ಕೆ ಎದ್ದು ಬದನೆಕಾಯಿ ಹೆಚ್ಚಿದ ಹೆಂಗಸರ ಫೋಟೋ ನೋಡಿ ‘ಇವರನ್ಯಾಕ ತಗದೀ?’ ಎಂದು ಸಿಟ್ಟಾದವರೂ ನಾವೇ. ಕ್ಯಾಮೆರಾ ಹಿಡಿದವನು ನಿರ್ದೇಶಕನಂತೆ ಕಾಣುತ್ತಾನೆ ಅಷ್ಟೇ. ನಿರ್ಮಾಪಕರು ಹೊರಗಿದ್ದಾರೆ, ದುಡ್ಡು ಅವರದು, ಕಥೆಯೂ ಅವರದು.

ಆದ್ದರಿಂದ ಮುಂದಿನ ಅಕ್ಷಯ ತದಿಗೆಗೆ ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಒಂದು ಮಾತು. ಫೋಟೋಗ್ರಾಫರನನ್ನು ಗೊತ್ತು ಮಾಡುವಾಗ ಡ್ರೋನ್ ಎಷ್ಟು, ಕ್ರೇನ್ ಎಷ್ಟು ಎಂದು ಕೇಳುವುದಕ್ಕೆ ಮುಂಚೆ ಮೂರು ಕರಾರು ಹಾಕಿ. ಒಂದು, ಮೊದಲ ಪಂಕ್ತಿಯಲ್ಲೇ ಅವನ ಊಟ ಆಗಬೇಕು. ಎರಡು, ಮದುವೆಯಾದ ತಿಂಗಳೊಳಗೆ ಅವನ ದುಡ್ಡು ಚುಕ್ತಾ ಆಗಬೇಕು, ಫ್ಯಾಕ್ಟರಿ ಬಿಲ್ ಆಗಲಿ ಬಿಡಲಿ. ಮೂರು, ಅಕ್ಕಿಕಾಳು ಬಿದ್ದಾಗಿನಿಂದ ಮಗಳನ್ನು ಕಳಿಸುವವರೆಗೆ ಅವನು ಯಾರಿಗೂ ಒಂದು ಮಾತೂ ಹೇಳಬಾರದು. ಮೂರನೆಯದಕ್ಕೆ ಅವನು ಹೆಚ್ಚಿಗೆ ರೇಟು ಕೇಳುತ್ತಾನೆ. ಚೌಕಾಶಿ ಮಾಡದೆ ಕೊಟ್ಟುಬಿಡಿ.